ಕಿವಿ ಆಡಿಸುವವರು ಬೇಕಾಗಿದ್ದಾರೆ

ಎಲ್ಲಕ್ಕೂ ಮೂಲ ಒಂದು ಹಲ್ಲು. ಅದೂ ಮೇಷ್ಟ್ರದ್ದಲ್ಲ, ಮೇಷ್ಟ್ರ ಹೆಂಡತಿಯದು. ದವಡೆಯ ತುದಿಯಲ್ಲಿ ಅಡ್ಡಡ್ಡ ಹುಟ್ಟಿ ವಾರಗಟ್ಟಲೆ ಆಕೆಯ ನಿದ್ದೆ ಕೆಡಿಸಿದ್ದ ಬುದ್ಧಿಹಲ್ಲನ್ನು ಹಿಂದಿನ ದಿನ ಸಂಜೆ ದಂತವೈದ್ಯರು ಕಿತ್ತು, ಹತ್ತಿಯಲ್ಲಿ ಸುತ್ತಿ, "ಬಿಸಾಡಲಾ?" ಎಂದು ಕೇಳಿದ್ದರು. "ಅಯ್ಯಯ್ಯೋ, ಬೇಡಿ!" ಎಂದು ಮೇಷ್ಟ್ರು ಕೈಚಾಚಿದ ರಭಸ ನೋಡಿ, ಈತ ಹೆಂಡತಿಯನ್ನು ಎಷ್ಟು ಪ್ರೀತಿಸುತ್ತಾನಪ್ಪ ಎಂದು ವೈದ್ಯರಿಗೆ ಅನ್ನಿಸಿರಬೇಕು.

ಹೆಂಡತಿಗೆ ಹಾಗೇನೂ ಅನ್ನಿಸಲಿಲ್ಲ. ಬೆಳಿಗ್ಗೆ ಊದಿದ ಕೆನ್ನೆಗೆ ಬಟ್ಟೆ ಒತ್ತಿಕೊಂಡು ಅಡುಗೆಮನೆಗೆ ಬಂದರೆ, ಗಂಡ ಕಿಟಕಿಯ ಬೆಳಕಿಗೆ ಆ ಹಲ್ಲನ್ನು ಹಿಡಿದು ವಜ್ರದ ವ್ಯಾಪಾರಿಯ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಏನ್ರೀ, ನನ್ ಹಲ್ಲು ಹೋಗಿದ್ದಕ್ಕೆ ನಿಮಗ್ಯಾಕೆ ಇಷ್ಟು ಖುಷಿ?"

"ಇದು ಬರೀ ಹಲ್ಲಲ್ಲ ಕಣೇ, ಲಕ್ಷಾಂತರ ವರ್ಷದ ಸಾಕ್ಷಿ! ನಮ್ಮ ಪೂರ್ವಜರಿಗೆ ದವಡೆ ದೊಡ್ಡದಿತ್ತು. ಹಸೀ ಗೆಡ್ಡೆ, ನಾರು, ಗಟ್ಟಿ ಬೀಜ ಎಲ್ಲಾ ಅಗೀಬೇಕಿತ್ತಲ್ಲ. ಈಗ ದವಡೆ ಚಿಕ್ಕದಾಗಿದೆ, ಹಲ್ಲು ಮಾತ್ರ ಹಳೇ ಲೆಕ್ಕದಲ್ಲೇ ಬರ್ತಿದೆ. ಜಾಗ ಸಾಲದೆ ಅಡ್ಡ ನುಗ್ಗುತ್ತೆ."

"ನುಗ್ಗಿದ್ದು ನನ್ ಬಾಯಲ್ಲಿ. ಪಾಠ ಆಮೇಲೆ ಹೇಳಿ, ಮೊದಲು ಆ ಗಾಜಿನ ಲೋಟಾನ ಒಲೆ ಮೇಲಿಂದ ತೆಗೀರಿ."

ಅದು ಲೋಟವಲ್ಲ, ಬೀಕರು. ಅದರದ್ದೊಂದು ಕತೆಯಿದೆ. ಮೇಷ್ಟ್ರು ವಿಜ್ಞಾನ ಹೇಳುವ ಶಾಲೆಯಲ್ಲಿ ಒಂದು ಪ್ರಯೋಗಶಾಲೆ ಇತ್ತು. ಇತ್ತು ಎನ್ನುವುದಕ್ಕೆ ಬಾಗಿಲ ಮೇಲಿನ ಹಲಗೆಯೊಂದೇ ಸಾಕ್ಷಿ. ನಲ್ಲಿ ಇರುವ ಕೋಣೆ ಅದೊಂದೇ ಎಂಬ ಕಾರಣಕ್ಕೆ, ಇವರು ಆ ಶಾಲೆಗೆ ಬರುವ ಮೊದಲೇ ಉಪಾಧ್ಯಾಯರೆಲ್ಲ ಸೇರಿ ಅದನ್ನು ಟೀ ರೂಮು ಮಾಡಿಕೊಂಡಿದ್ದರು. ಸ್ಪಿರಿಟ್ ದೀಪದ ಮೇಲೆ ಹಾಲು ಕಾಯುತ್ತಿತ್ತು. ಸೂಕ್ಷ್ಮದರ್ಶಕದ ಕಪಾಟಿನಲ್ಲಿ ಸಕ್ಕರೆ, ಟೀಪುಡಿ. ಎಲ್ಲರೂ ಟೀ ಕುಡಿಯುತ್ತಿದ್ದುದು ಬೀಕರಿನಲ್ಲೇ. ಯಾರ ಪಾಲಿಗೆ ಒಂದು ಗುಟುಕು ಹೆಚ್ಚು ಬಂತು ಎಂಬ ಜಗಳವನ್ನು ಗಣಿತದ ಮೇಷ್ಟ್ರು ಬೀಕರಿನ ಮೇಲಿನ ಗೆರೆ ನೋಡಿ ತೀರ್ಮಾನಿಸುತ್ತಿದ್ದರು.

ಆ ಕೋಣೆಯಿಂದ ನಮ್ಮ ಮೇಷ್ಟ್ರಿಗೆ ದಕ್ಕಿದ್ದು ಒಂದೇ ಒಂದು ಬೀಕರು. ಅದನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ತರಗತಿಯಿಂದ ತರಗತಿಗೆ, ಶಾಲೆಯಿಂದ ಮನೆಗೆ ಕೂಸಿನ ಹಾಗೆ ಹೊತ್ತು ತಿರುಗುತ್ತಿದ್ದರು. ಅದರಲ್ಲೇ ಉಪ್ಪು ಹರಳುಗಟ್ಟುತ್ತಿತ್ತು, ಎಲೆ ಬಣ್ಣ ಬಿಡುತ್ತಿತ್ತು, ಮೊಟ್ಟೆ ತೇಲುತ್ತಿತ್ತು. ಮಕ್ಕಳು ಬೆನ್ನ ಹಿಂದೆ ಅವರನ್ನು ಬೀಕರ್ ಮೇಷ್ಟ್ರು ಎನ್ನುತ್ತಿದ್ದರು. ಕಪಾಟುಗಟ್ಟಲೆ ಸಾಮಾನಿಟ್ಟುಕೊಂಡೂ ಏನೂ ಕಲಿಸದವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಈ ಮನುಷ್ಯ ಒಂದು ಬೀಕರಿನಲ್ಲಿ ನದಿ, ಸಮುದ್ರ, ಮೋಡ ಎಲ್ಲವನ್ನೂ ತೋರಿಸುತ್ತಿದ್ದರು. ಅದಕ್ಕೆ ಹೊಟ್ಟೆಕಿಚ್ಚು ಪಡಬೇಕೋ ಕೈಮುಗಿಯಬೇಕೋ, ನೋಡುವವರಿಗೆ ಬಿಟ್ಟದ್ದು.

ಆದರೆ ಅವರಿಗೆ ಪ್ರಯೋಗಶಾಲೆಯ ಆಸೆ ಮಾತ್ರ ಬಿಟ್ಟಿರಲಿಲ್ಲ. ನಿನ್ನೆ ತಾನೇ ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ಕರೆಸಿ ಹೇಳಿದ್ದರು:

"ನಾಳೆ ತಪಾಸಣೆಗೆ ಸಾಹೇಬರು ಬರ್ತಿದ್ದಾರೆ. ಒಂದು ಪಾಠ ಕೂತು ನೋಡ್ತಾರಂತೆ. ನಿಮ್ದೇ ಇಡೋಣ. ಅವರು ಮೆಚ್ಚಿದ್ರೆ ಸಂಜೆನೇ ಲ್ಯಾಬಿನ ಬೀಗದ ಕೈ ನಿಮ್ಮ ಕೈಗೆ. ಟೀ ಕುಡಿಯೋರಿಗೆ ನಾನೇ ಹೇಳ್ತೀನಿ, ಮರದ ಕೆಳಗೆ ಕುಡೀಲಿ."

ಪಾಠ ಯಾವುದು? ಮಾನವ ವಿಕಾಸ. ತೋರಿಸಲು ಒಂದು ತಲೆಬುರುಡೆ ಇಲ್ಲ, ಒಂದು ಮೂಳೆ ಇಲ್ಲ, ನೆಟ್ಟಗೊಂದು ಚಿತ್ರಪಟವೂ ಇಲ್ಲ. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತುಕೊಂಡು ಕೂತಿದ್ದಾಗಲೇ ಹೆಂಡತಿಯ ಹಲ್ಲು ಬಂದದ್ದು. ಅದನ್ನು ಕೈಯಲ್ಲಿ ಹಿಡಿದ ಗಳಿಗೆಯಲ್ಲಿ ಅವರಿಗೆ ಹೊಳೆಯಿತು: ಸಾಮಾನು ಎಲ್ಲಿಂದಲೋ ಯಾಕೆ ತರಬೇಕು, ಎಲ್ಲರ ಮೈಯಲ್ಲೇ ಇದೆಯಲ್ಲ!

"ಹಲ್ಲು ತಗೊಂಡ್ ಹೋಗಿ, ಯಾರು ಬೇಡ ಅಂದ್ರು," ಎಂದರು ಹೆಂಡತಿ, ಬೆಂಕಿಪೊಟ್ಟಣವೊಂದನ್ನು ಖಾಲಿ ಮಾಡಿ ಕೊಡುತ್ತಾ. "ಬರೋವಾಗ ಲ್ಯಾಬಿನ ಬೀಗದ ಕೈ ಮಾತ್ರ ತನ್ನಿ. ಇನ್ನೊಂದು ಸಲ ನನ್ನ ಹಾಲಿನ ಪಾತ್ರೇಲಿ ಕಪ್ಪೆಮರಿ ಕಂಡ್ರೆ, ಉಳಿದ ಹಲ್ಲೂ ಕೀಳಿಸ್ಕೊಂಡು ತವರಿಗೆ ಹೋಗ್ತೀನಿ."

ಸಾಹೇಬರು ಬರುವುದು ಮಧ್ಯಾಹ್ನದ ಮೇಲೆ. ಬೆಳಗಿನ ಹೊತ್ತು ಮಕ್ಕಳನ್ನು ಹುಡುಕಾಟಕ್ಕೆ ಬಿಡುವುದು, ಸಿಕ್ಕಿದ್ದನ್ನೆಲ್ಲ ಮಧ್ಯಾಹ್ನ ಸಾಹೇಬರ ಮುಂದೆ ಮಕ್ಕಳ ಬಾಯಿಂದಲೇ ಹೇಳಿಸುವುದು, ಇದು ಮೇಷ್ಟ್ರ ಯೋಜನೆ.

"ಬಾಡಿಗೆ ಮನೆಗೆ ಹೋದಾಗ ಗೋಡೇಲಿ ಮೊಳೆ ಇರುತ್ತಲ್ಲ," ಎಂದು ಅವರು ತರಗತಿಯಲ್ಲಿ ಶುರುಮಾಡಿದರು. "ನೀವು ಹೊಡೆದಿದ್ದಲ್ಲ. ಮುಂಚೆ ಇದ್ದೋರು ಹೊಡೆದಿದ್ದು. ಅವರು ಅದಕ್ಕೆ ಏನೋ ತಗುಲಿ ಹಾಕಿದ್ರು. ನಿಮಗೆ ಅದು ಬೇಡ, ಆದ್ರೂ ಇದೆ. ನಮ್ಮ ಮೈನೂ ಅಂಥಾ ಹಳೇ ಮನೆ. ಲಕ್ಷಾಂತರ, ಕೋಟ್ಯಂತರ ವರ್ಷದ ಹಿಂದಿನ ಪೂರ್ವಜರು ಬಿಟ್ಟು ಹೋದ ಮೊಳೆಗಳು ಇನ್ನೂ ಇವೆ. ಇವತ್ತು ಅವನ್ನ ಹುಡುಕೋಣ."

ಪ್ರತಿ ಗುಂಪಿಗೂ ಒಂದೊಂದು ಚೀಟಿ. ಕಣ್ಣಿನ ಮೂಲೆಯಲ್ಲಿ ಮೂರನೇ ರೆಪ್ಪೆಯ ಚೂರು ಉಳಿಸಿಕೊಂಡವರು ಯಾರು? ತುಪ್ಪಳ ಹೋದರೂ ಕೂದಲು ನಿಮಿರಿಸುವವರು ಯಾರು? ಬಾಲ ಹೋದರೂ ಬಾಲದ ಬುಡ ಬಿಡದವರು ಯಾರು? ಜಾಗವಿಲ್ಲದ ಮನೆಗೆ ಬಂದ ಕೊನೆಯ ಅತಿಥಿ ಈ ಶಾಲೆಯಲ್ಲಿ ಎಲ್ಲಿ ಅಡಗಿದ್ದಾನೆ? ಎಲ್ಲಕ್ಕಿಂತ ಕಷ್ಟದ್ದು ಕೊನೆಯ ಚೀಟಿ: ಕಿವಿ ಆಡಿಸಬಲ್ಲವರನ್ನು ಹುಡುಕಿ ತನ್ನಿ.

ಮೊದಲ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಅದು ಏಳದ ದಿನವೇ ಇರಲಿಲ್ಲ. ಆ ಹುಡುಗಿಗೆ ಇಡೀ ಶಾಲೆ ಇಟ್ಟ ಹೆಸರು ಪ್ರಶ್ನೆಪತ್ರಿಕೆ.

"ಸಾರ್, ಬಳಸ್ದೇ ಇದ್ದಿದ್ದಕ್ಕೆ ಬಾಲ ಸವೆದು ಹೋಯ್ತಾ?"

"ಇಲ್ಲಮ್ಮ. ಅಪ್ಪ ಬಳಸ್ಲಿಲ್ಲ ಅಂತ ಮಗನಿಗೆ ಕಮ್ಮಿ ಆಗಲ್ಲ. ಕೆಲವರು ಚಿಕ್ಕ ಬಾಲ ಇಟ್ಕೊಂಡೇ ಹುಟ್ಟಿದ್ರು. ಅದರಿಂದ ಅವರಿಗೆ ನಷ್ಟ ಏನೂ ಆಗ್ಲಿಲ್ಲ. ಅವರೂ ಬದುಕಿದ್ರು, ಮಕ್ಕಳನ್ನ ಸಾಕಿದ್ರು. ಹಾಗೇ ತಲೆಮಾರಿಂದ ತಲೆಮಾರಿಗೆ ಅಂಥವರೇ ಹೆಚ್ಚಾದ್ರು. ಇಲ್ದೇ ಇದ್ರೂ ನಷ್ಟ ಇಲ್ಲ ಅನ್ನೋದಿದ್ರೆ ಮಾತ್ರ ಒಂದು ವಸ್ತು ಮೆಲ್ಲಗೆ ಮಾಯ ಆಗುತ್ತೆ. ನೆನಪಿಟ್ಕೋ."

ಅವಳು ನೆನಪಿಟ್ಟುಕೊಂಡಳು. ಇಟ್ಟುಕೊಳ್ಳದೆ ಇದ್ದಿದ್ದರೆ ಮೇಷ್ಟ್ರ ಹಣೆಬರಹ ಬೇರೆಯಾಗುತ್ತಿತ್ತೋ ಏನೋ.

"ಯಾರ ಮೈಯನ್ನೂ ಮುಟ್ಟಬಾರದು. ಕೇಳಬೇಕು, ನೋಡಬೇಕು, ಥ್ಯಾಂಕ್ಸ್ ಹೇಳಿ ಬರಬೇಕು," ಎಂದು ಮೇಷ್ಟ್ರು ಹೇಳಿ ಮುಗಿಸುವಷ್ಟರಲ್ಲಿ ತರಗತಿ ಖಾಲಿಯಾಗಿತ್ತು.

ಮೊದಲ ಗುಂಪು ನೇರವಾಗಿ ದೊಡ್ಡ ಮೇಡಂ ಕೋಣೆಗೇ ನುಗ್ಗಿತು. ಅವರ ಕಣ್ಣಿಗೆ ಕಣ್ಣಿಟ್ಟು ನೋಡುವ ಧೈರ್ಯ ಶಾಲೆಯಲ್ಲಿ ಯಾರಿಗೂ ಇರಲಿಲ್ಲ. ಈಗ ಎಂಟು ಕಣ್ಣುಗಳು ಒಂದೇ ಸಲ ಅವರ ಮೂಗಿನ ಹತ್ತಿರಕ್ಕೆ ಬಂದವು.

"ಮೇಡಂ, ಸ್ವಲ್ಪ ಕಣ್ಣು ಅಗಲ ಮಾಡಿ. ಆ... ಇದೆ! ಮೂಲೇಲಿ ಗುಲಾಬಿ ಬಣ್ಣದ್ದು ಇದೆ! ಹಕ್ಕಿಗಳಿಗೆ ಅದು ಪೂರ್ತಿ ರೆಪ್ಪೆ ಮೇಡಂ, ನಿಮಗೆ ಚೂರು ಉಳಿದಿದೆ. ಥ್ಯಾಂಕ್ಸ್ ಮೇಡಂ!"

ಬಂದ ಹಾಗೇ ಹೋದರು. ಬೈಯಲು ತೆರೆದ ಬಾಯನ್ನು ಮೇಡಂ ಹಾಗೇ ಮುಚ್ಚಿದರು. ಆಮೇಲೆ ಎದ್ದು ಬಾಗಿಲು ಹಾಕಿ, ಕೈಚೀಲದಿಂದ ಪುಟ್ಟ ಕನ್ನಡಿ ತೆಗೆದು ಬಹಳ ಹೊತ್ತು ನೋಡಿಕೊಂಡರು ಎಂದು ಕಿಟಕಿಯಲ್ಲಿ ಇಣುಕಿದವರು ಹೇಳುತ್ತಾರೆ.

ಎರಡನೇ ಗುಂಪು ಡ್ರಿಲ್ ಮೇಷ್ಟ್ರ ಬೆನ್ನು ಹತ್ತಿತು. ಮೀಸೆ ತಿರುವಿಕೊಂಡು, "ನನಗೆ ರೋಮ ನಿಮಿರೋದಾ? ಹುಲಿ ಬಂದ್ರೂ ನಿಮಿರಲ್ಲ," ಎಂದು ಅವರು ಎದೆ ಉಬ್ಬಿಸಿದರು. ಹುಲಿ ಬರಲಿಲ್ಲ. ಹುಡುಗನೊಬ್ಬ ಅವರ ಹಿಂದಿನಿಂದ ತಗಡಿನ ಪೆಟ್ಟಿಗೆಯನ್ನು ಸಿಮೆಂಟ್ ನೆಲದ ಮೇಲೆ ಕರ್ರ್ ಎಂದು ಎಳೆದ. ಡ್ರಿಲ್ ಮೇಷ್ಟ್ರು ಕಿವಿ ಮುಚ್ಚಿಕೊಂಡು ಕುಣಿದಾಡಿದರು. ಅವರ ತೋಳಿನ ಕೂದಲೆಲ್ಲ ಅವರದೇ ಹುಡುಗರು ಅಟೆನ್ಷನ್‌ನಲ್ಲಿ ನಿಂತ ಹಾಗೆ ಸಾಲಾಗಿ ಎದ್ದು ನಿಂತವು. "ಸಿಕ್ತು ಸಾರ್, ಥ್ಯಾಂಕ್ಸ್ ಸಾರ್!" ಎಂದು ಗುಂಪು ಓಡಿತು.

ಇಲ್ಲಿಯವರೆಗೆ ಎಲ್ಲವೂ ಸಲೀಸು. ಎಡವಟ್ಟಾದದ್ದು ಟೀ ರೂಮಿನಲ್ಲಿ. ಕೊನೆಯ ಅತಿಥಿಯನ್ನು, ಅಂದರೆ ಹೆಂಡತಿಯ ಹಲ್ಲನ್ನು, ಮೇಷ್ಟ್ರು ಬೆಂಕಿಪೊಟ್ಟಣದ ಸಮೇತ ಅಲ್ಲೇ ಅಡಗಿಸಿದ್ದರು. ಎಷ್ಟಾದರೂ ಅದು ಪ್ರಯೋಗಶಾಲೆ, ಪಾಠದ ಒಂದು ಸಾಮಾನಾದರೂ ಅಲ್ಲಿರಲಿ ಎಂಬ ಹಠ. ಅಡಗಿಸಿದ್ದು ಸ್ಪಿರಿಟ್ ದೀಪದ ಪಕ್ಕದಲ್ಲಿ. ಬೆಂಕಿಪೊಟ್ಟಣ ದೀಪದ ಪಕ್ಕ ಇದ್ದರೆ ಯಾರಿಗೂ ಅನುಮಾನ ಬರುವುದಿಲ್ಲ ಎಂಬುದು ಅವರ ಲೆಕ್ಕ. ಅನುಮಾನ ಬರುವುದಿಲ್ಲ ನಿಜ, ಕಡ್ಡಿ ಬೇಕಾದವರು ಬರುತ್ತಾರೆ ಎಂಬುದು ಹೊಳೆದಿರಲಿಲ್ಲ.

ಮಕ್ಕಳಿಗಿಂತ ಮೊದಲು ಗಣಿತದ ಮೇಷ್ಟ್ರು ಬಂದರು. ಟೀಗೆ ನೀರಿಟ್ಟು, ದೀಪ ಹಚ್ಚಲು ಪೊಟ್ಟಣ ಎಳೆದರೆ ಒಳಗೆ ಹತ್ತಿ, ಹತ್ತಿಯಲ್ಲಿ ಹಲ್ಲು. ಅವರು ಕಿರುಚಲಿಲ್ಲ. ಲೆಕ್ಕದ ಮನುಷ್ಯರು. ಮೊದಲು ನಾಲಿಗೆಯಿಂದ ತಮ್ಮ ಹಲ್ಲುಗಳನ್ನೆಲ್ಲ ಎಣಿಸಿಕೊಂಡರು. ಲೆಕ್ಕ ಸರಿಹೋದ ಮೇಲೆಯೇ ಕಿರುಚಿದ್ದು.

ಆ ಕೂಗಿಗೆ ಎರಡು ಗುಂಪುಗಳು ಒಟ್ಟಿಗೆ ಓಡಿ ಬಂದವು. ಹಲ್ಲಿನ ಗುಂಪು ಅವರ ಕೈಯಿಂದ ಪೊಟ್ಟಣ ಇಸಿದುಕೊಂಡು ಕುಣಿಯಿತು. ಬಾಲದ ಗುಂಪು ಮಾತ್ರ ಹೋಗಲಿಲ್ಲ. ಅದರಲ್ಲಿ ಪ್ರಶ್ನೆಪತ್ರಿಕೆ ಇದ್ದಳು. ಅವಳ ಕಣ್ಣು ಗಣಿತದ ಮೇಷ್ಟ್ರ ಕಂಕುಳಲ್ಲಿದ್ದ ದುಂಡನೆಯ ಮೆತ್ತೆಯ ಮೇಲಿತ್ತು. ನಡುವೆ ತೂತಿರುವ ಆ ಮೆತ್ತೆಯನ್ನು ಅವರು ತಿಂಗಳಿನಿಂದ ಎಲ್ಲಿ ಕೂತರೂ ಹಾಸಿಕೊಳ್ಳುತ್ತಿದ್ದರು. ಸೊಂಟ ಹಿಡಿದಿದೆ ಎಂದು ಎಲ್ಲರಿಗೂ ಹೇಳಿದ್ದರು. ನಿಜಸಂಗತಿ ಏನೆಂದರೆ, ಯಾರೂ ಇಲ್ಲದ ಹೊತ್ತಿನಲ್ಲಿ ಸಕ್ಕರೆ ಡಬ್ಬಿಗಾಗಿ ಸ್ಟೂಲು ಹತ್ತಿ, ಜಾರಿ, ಕುಂಡೆಯೂರಿ ಬಿದ್ದು, ಬೆನ್ನುಮೂಳೆಯ ತುದಿಗೆ, ಅಂದರೆ ಬಾಲದ ಬುಡಕ್ಕೇ, ಪೆಟ್ಟು ಮಾಡಿಕೊಂಡಿದ್ದರು.

"ಸಾರ್," ಎಂದಳು ಹುಡುಗಿ, ಬಹಳ ಮರ್ಯಾದೆಯಿಂದ. "ನಿಮ್ಮ ಬಾಲ ಇನ್ನೂ ನೋಯ್ತಿದ್ಯಾ?"

ಮುಂದಿನದನ್ನು ಬರೆಯುವುದಕ್ಕಿಂತ ಬಿಡುವುದೇ ಮೇಲು. ಗಣಿತದ ಮೇಷ್ಟ್ರು ಮೆತ್ತೆಯನ್ನು ಎದೆಗವಚಿಕೊಂಡು, ಕೆಂಡಾಮಂಡಲವಾಗಿ ಮೇಲಿನ ಮಹಡಿಯ ದೊಡ್ಡ ಮೇಡಂ ಕೋಣೆಗೆ ಹತ್ತಿದರು. ಸುದ್ದಿ ತಿಳಿದು ನಮ್ಮ ಮೇಷ್ಟ್ರು ಓಡಿಬಂದಾಗ ಅಲ್ಲಿ ಆಗಲೇ ಬೆಂಕಿ ಉರಿಯುತ್ತಿತ್ತು.

"ನನಗೆ ಬಾಲ ಇದೆ ಅಂತಾರೆ ಮೇಡಂ! ಈ ಆಟ ಈಗಲೇ ನಿಲ್ಬೇಕು. ಇಲ್ದಿದ್ರೆ ಸಾಹೇಬರು ಬಂದ ತಕ್ಷಣ ನಾನೇ ಹೋಗಿ ಹೇಳ್ತೀನಿ!"

ನಮ್ಮ ಮೇಷ್ಟ್ರಿಗೆ ಬೀಗದ ಕೈ ಕಣ್ಣ ಮುಂದೆ ಬಂದು ಹಾಗೇ ಮಾಯವಾದ ಹಾಗಾಯಿತು. ಕ್ಷಮೆ ಕೇಳೋಣವೆಂದು ಬಾಯಿ ತೆರೆದರು. ಆದರೆ ಅವರ ಕಣ್ಣು, ಬೈಗುಳದ ರಭಸಕ್ಕೆ ಗಾಳಿಯಲ್ಲಿ ಆಡುತ್ತಿದ್ದ ಗಣಿತದ ಮೇಷ್ಟ್ರ ಮಣಿಕಟ್ಟಿನ ಮೇಲೆ ಬಿತ್ತು. ಕೆಲವರಿಗೆ ಹುಟ್ಟಿನಿಂದಲೇ ಕಲಿಸುವ ಚಟ. ಮನೆಗೆ ಬೆಂಕಿ ಬಿದ್ದರೂ ಉರಿಯ ಬಣ್ಣ ತೋರಿಸಿ ಪಾಠ ಹೇಳುವವರು.

"ಸಾರ್, ಒಂದೇ ನಿಮಿಷ. ಹೆಬ್ಬೆರಳು ಕಿರುಬೆರಳು ಎರಡನ್ನೂ ತಾಗಿಸಿ, ಕೈ ಸ್ವಲ್ಪ ಒಳಗೆ ಮಡಚಿ."

ಸಿಟ್ಟಿನಲ್ಲಿದ್ದವರು ಹೇಳಿದ್ದನ್ನು ಮಾಡಿಬಿಟ್ಟರು.

"ಇಲ್ಲ! ಮೇಡಂ, ನೋಡಿ, ಇವರಿಗಿಲ್ಲ! ನಮ್ಮಲ್ಲಿ ಹೆಚ್ಚಿನವರ ಮಣಿಕಟ್ಟಿನ ನಡುವೆ ಒಂದು ಸ್ನಾಯುವಿನ ಹಗ್ಗ ಎದ್ದು ಕಾಣುತ್ತೆ. ಕೊಂಬೆಯಿಂದ ಕೊಂಬೆಗೆ ಜೋತಾಡೋ ಕಾಲದ್ದು. ಬೆಳಿಗ್ಗೆಯಿಂದ ಮಿಕ್ಕ ಉಪಾಧ್ಯಾಯರೆಲ್ಲರ ಕೈನೂ ನೋಡಿದೆ. ನಮ್ಮಲ್ಲಿ ಅದಿಲ್ಲದವರು ಇವರೊಬ್ಬರೇ!"

ಗಣಿತದ ಮೇಷ್ಟ್ರು ತಮ್ಮ ಮಣಿಕಟ್ಟನ್ನು ಹೊಸದಾಗಿ ಕೊಂಡ ಗಡಿಯಾರ ನೋಡುವ ಹಾಗೆ ನೋಡಿದರು. "ಅಂದ್ರೆ... ನಿಮ್ಮೆಲ್ಲರಿಗಿಂತ ನಾನು ಮುಂದುವರಿದವನು?"

"ಹಾಗಲ್ಲ ಸಾರ್. ಮುಂದೆ ಹಿಂದೆ ಅಂತ ಇಲ್ಲ. ವಿಕಾಸ ಏಣಿ ಅಲ್ಲ, ಕವಲೊಡೆಯೋ ಮರ ಇದ್ದ..."

ದೊಡ್ಡ ಮೇಡಂ ಮೇಜಿನ ಕೆಳಗಿನಿಂದ ನಮ್ಮ ಮೇಷ್ಟ್ರ ಕಾಲು ತುಳಿದರು. "ಹೌದು ಹೌದು, ಮುಂದುವರಿದವರು. ಬಹಳ ಮುಂದುವರಿದವರು," ಎಂದರು. ನಮ್ಮ ಮೇಷ್ಟ್ರಿಗೆ ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ವಿಜ್ಞಾನಕ್ಕೆ ಎಂದೂ ದ್ರೋಹ ಮಾಡದವರು, ಬೀಗದ ಕೈಗೋಸ್ಕರ ಅಂದು ಮೊದಲ ಸಲ ತುಟಿ ಹೊಲಿದುಕೊಂಡರು. ಗಣಿತದ ಮೇಷ್ಟ್ರು ಸಿಟ್ಟನ್ನೂ ಮೆತ್ತೆಯನ್ನೂ ಅಲ್ಲೇ ಮರೆತು, ಸಿಕ್ಕಸಿಕ್ಕವರಿಗೆ ಮಣಿಕಟ್ಟು ತೋರಿಸುತ್ತ ಕೆಳಗಿಳಿದು ಹೋದರು.

ಒಂದು ಗಂಡಾಂತರ ಕಳೆಯಿತು ಎಂದು ಉಸಿರು ಬಿಡುವಾಗ ಮೇಡಂ ಕೇಳಿದರು, "ಎಲ್ಲಾ ಸಿಕ್ಕಿತೇನ್ರೀ?"

"ಕಿವಿ ಒಂದು ಸಿಕ್ಕಿಲ್ಲ ಮೇಡಂ. ಇಡೀ ಶಾಲೆ ಜಾಲಾಡಿದ್ದಾರೆ. ಹುಬ್ಬು ಹಾರಿಸೋರಿದ್ದಾರೆ, ಮೂಗು ಅರಳಿಸೋರಿದ್ದಾರೆ. ಕಿವಿ ಆಡಿಸೋರು ಒಬ್ಬರೂ ಇಲ್ಲ."

ಮೇಡಂ ಕಿಟಕಿಯ ಹೊರಗೆ ನೋಡುತ್ತ, "ಅದ್ಯಾರ್ರೀ ಅಲ್ಲಿ, ನಿಮ್ಮ ಮಕ್ಕಳು ಮುತ್ತಿಕೊಂಡಿರೋದು?" ಎಂದರು. ಕೆಳಗೆ ನೀರಿನ ನಲ್ಲಿಯ ಹತ್ತಿರ ಯಾರೋ ನಡುವಯಸ್ಸಿನವರು ಕೈ ತೊಳೆಯಲು ನಿಂತಿದ್ದರು. ಅವರ ಸುತ್ತ ಕಿವಿಯ ಗುಂಪು, ಅದರ ಸುತ್ತ ಮಿಕ್ಕ ಗುಂಪುಗಳು. ಪ್ರಶ್ನೆಪತ್ರಿಕೆ ಕಲ್ಲಿನ ಮೇಲೆ ಹತ್ತಿ ನಿಂತು ಅವರ ಕಿವಿಯನ್ನು ಪಕ್ಕದಿಂದ ಪರೀಕ್ಷಿಸುತ್ತಿದ್ದಳು.

"ಯಾರೋ ಹುಡುಗರ ಅಪ್ಪ ಇರ್ಬೇಕು ಮೇಡಂ."

ಮೇಡಂ ಕನ್ನಡಕ ಹಾಕಿಕೊಂಡರು. ಅವರ ಮುಖದ ಬಣ್ಣ ಇಳಿಯಿತು. "ಅಪ್ಪನಲ್ಲ ಕಣ್ರೀ! ಸಾಹೇಬ್ರು! ಬೆಳಿಗ್ಗೆನೇ ಬಂದ್ಬಿಟ್ಟಿದ್ದಾರೆ!"

ಮೇಷ್ಟ್ರು ಮೆಟ್ಟಿಲನ್ನು ಇಳಿದರೋ ಬಿದ್ದರೋ ಅವರಿಗೇ ಗೊತ್ತಿಲ್ಲ. ಒಂದು ಚಪ್ಪಲಿ ಮಹಡಿಯಲ್ಲೇ ಉಳಿಯಿತು. "ಸಾರ್, ಕ್ಷಮಿಸ್ಬೇಕು, ಮಕ್ಕಳು, ತಿಳೀದೆ..." ಎಂದು ಏದುಸಿರು ಬಿಡುತ್ತ ಮಕ್ಕಳನ್ನು ಸರಿಸಿಕೊಂಡು ನುಗ್ಗಿದರು.

ಸಾಹೇಬರು ಕಣ್ಣು ಮುಚ್ಚಿ, ಕೋಲಿನ ಹಾಗೆ ನೆಟ್ಟಗೆ ನಿಂತಿದ್ದರು. "ಶ್! ಸುಮ್ನಿರಿ," ಎಂದರು. "ಎಡಗಿವಿ ಬಂತು. ಬಲಗಿವಿ ತುಕ್ಕು ಹಿಡಿದಿದೆ. ಬರುತ್ತೆ, ಬರುತ್ತೆ..."

ಎಡಗಿವಿ ಒಮ್ಮೆ ಆಡಿತು. ಬಲಗಿವಿ ಮೊದಲು ನಾಚಿದಂತೆ ಮಿಸುಕಿ, ಆಮೇಲೆ ಧೈರ್ಯ ತಂದುಕೊಂಡು ಆಡಿತು. ಎರಡೂ ಕಿವಿಗಳು ಒಟ್ಟಿಗೆ ಹಿಂದಕ್ಕೂ ಮುಂದಕ್ಕೂ ಆಡಿದಾಗ ಅಲ್ಲಿ ಎದ್ದ ಕೂಗಿಗೆ ಮರದ ಹಕ್ಕಿಗಳು ಹಾರಿದವು. ಸಾಹೇಬರು ಕಣ್ಣು ತೆರೆದರು. ಕಣ್ಣಲ್ಲಿ ನೀರಿತ್ತು.

"ಚಿಕ್ಕೋನಿದ್ದಾಗ ಆಡಿಸ್ತಿದ್ದೆ," ಎಂದರು. "ನಮ್ಮಜ್ಜಿ ನಕ್ಕು ನಕ್ಕು ಬೀಳ್ತಿದ್ರು. ನಮ್ಮಪ್ಪ ಕಿವಿ ಹಿಂಡಿ ಬಿಡಿಸಿದ್ರು. ಆಮೇಲೆ ಓದು, ನೌಕರಿ, ಫೈಲು. ನನ್ನ ಕಿವಿ ಆಡುತ್ತಾ ಅಂತ ಇಷ್ಟು ವರ್ಷ ಯಾರೂ ಕೇಳ್ಲಿಲ್ಲಪ್ಪ. ಈ ಮಗು ಕೇಳ್ತು."

ಮಧ್ಯಾಹ್ನದ ಪಾಠವನ್ನು ನೋಡಬೇಕಿತ್ತು. ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂರಲಿಲ್ಲ, ಸಾಕ್ಷಿಯಾಗಿ ಮುಂದೆ ನಿಂತರು. ಹಲ್ಲು ಕೈಯಿಂದ ಕೈಗೆ ದಾಟಿತು. ಡ್ರಿಲ್ ಮೇಷ್ಟ್ರು ತಾವಾಗಿಯೇ ತಗಡಿನ ಪೆಟ್ಟಿಗೆ ಎಳೆಸಿಕೊಂಡು ತೋಳು ತೋರಿಸಿದರು. ಗಣಿತದ ಮೇಷ್ಟ್ರು ಮಣಿಕಟ್ಟನ್ನು ಮೂರು ಸಲ ತೋರಿಸಿ, ನಾಲ್ಕನೆಯ ಸಲಕ್ಕೆ ಎದ್ದಾಗ ಮೇಡಂ ಕೂರಿಸಿದರು. ಮಕ್ಕಳು ಒಂದೊಂದು ಮೊಳೆಯನ್ನೂ ಅದನ್ನು ಹೊಡೆದ ಕಾಲಕ್ಕೆ ಜೋಡಿಸುತ್ತ ಹೋದರು: ಹಕ್ಕಿಗೂ ನಮಗೂ ಒಂದೇ ಅಜ್ಜಿ ಇದ್ದ ಕಾಲ, ಮೈತುಂಬ ತುಪ್ಪಳವಿದ್ದ ಕಾಲ, ಸಣ್ಣ ಸದ್ದಿನತ್ತಲೂ ಕಿವಿ ತಿರುಗಿಸಿ ಆಲಿಸುತ್ತಿದ್ದ ಕಾಲ, ಕೊಂಬೆಯ ಕಾಲ, ಗೆಡ್ಡೆ ಅಗಿದ ಕಾಲ. ಆ ಸಣ್ಣ ತರಗತಿಯಲ್ಲಿ, ಮುರುಕು ಬೆಂಚುಗಳ ನಡುವೆ, ಕೋಟ್ಯಂತರ ವರ್ಷಗಳು ಬಂದು ನಿಂತ ಹಾಗಿತ್ತು. ಮೇಷ್ಟ್ರು ಮೂಲೆಯಲ್ಲಿ ನಿಂತು ಒಂದು ಮಾತೂ ಆಡಲಿಲ್ಲ. ಅದಕ್ಕಿಂತ ಒಳ್ಳೆಯ ಪಾಠವನ್ನು ಆ ಶಾಲೆ ಅಲ್ಲಿಯವರೆಗೆ ಕಂಡಿರಲಿಲ್ಲ.

ಪಾಠ ಮುಗಿದಾಗ ಸಾಹೇಬರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

"ನಾನು ಎಷ್ಟು ಶಾಲೆ ನೋಡಿಲ್ಲ. ಹೋದ ಕಡೆಯೆಲ್ಲ ಒಂದೇ ರಾಗ. ಲ್ಯಾಬಿಲ್ಲ, ಸಾಮಾನಿಲ್ಲ, ಅದಕ್ಕೇ ಪಾಠ ಇಲ್ಲ. ಇವತ್ತು ನನ್ನ ಕಣ್ಣು ತೆರೀತು. ಕಿವಿನೂ ತೆರೀತು."

ಇದೇ ಸಮಯವೆಂದು ದೊಡ್ಡ ಮೇಡಂ ಮುಂದೆ ಬಂದರು. ಕೊಟ್ಟ ಮಾತಿಗೆ ತಪ್ಪದ ಹೆಂಗಸು. ಬೀಗದ ಕೈ ಆಗಲೇ ಕೈಯಲ್ಲಿತ್ತು. "ಸಾರ್, ನಮ್ಮ ಲ್ಯಾಬನ್ನ ಸದ್ಯಕ್ಕೆ ಉಪಾಧ್ಯಾಯರು ಟೀ ಕುಡಿಯೋಕೆ ಬಳಸ್ತಿದ್ದಾರೆ. ಇವತ್ತಿಂದ ಅದನ್ನ ಇವರಿಗೆ ಬಿಡಿಸಿ ಕೊಡೋಣ ಅಂತ..."

"ಯಾಕೆ?" ಎಂದರು ಸಾಹೇಬರು.

ಮೇಡಂ ತಬ್ಬಿಬ್ಬಾದರು. "ಅಂದ್ರೆ, ಪಾಠಕ್ಕೆ..."

"ಲ್ಯಾಬಿಲ್ದೇನೇ ಇಂಥ ಪಾಠ ಮಾಡೋರಿಗೆ ಲ್ಯಾಬ್ಯಾಕೆ ಬೇಕು? ಬಳಸದ ಅಂಗ ತಾನಾಗೇ ಹೋಗುತ್ತೆ ಅಂತ ಇವರೇ ಈಗ ಕಲಿಸಿದ್ರಲ್ಲ. ಇವರಿಗೆ ಲ್ಯಾಬು ಅನ್ನೋದು ಬುದ್ಧಿಹಲ್ಲು!"

ಮೇಷ್ಟ್ರ ಕಾಲಕೆಳಗಿನ ನೆಲ ಕುಸಿದಂತಾಯಿತು. ಅಷ್ಟರಲ್ಲಿ ಮೊದಲ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು.

"ತಪ್ಪು ಸಾರ್."

ಪ್ರಶ್ನೆಪತ್ರಿಕೆ ಎದ್ದು ನಿಂತಿದ್ದಳು. "ಬಳಸ್ದೇ ಇದ್ದಿದ್ದಕ್ಕೆ ಯಾವುದೂ ಹೋಗಲ್ಲ ಸಾರ್. ಅದು ಇಲ್ದೇ ಇದ್ರೂ ನಷ್ಟ ಇಲ್ಲ ಅನ್ನೋದಿದ್ರೆ ಮಾತ್ರ ಹೋಗುತ್ತೆ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಹೇಳಮ್ಮ, ಹೇಳು, ಲ್ಯಾಬಿಲ್ಲದೆ ನಮಗೆಷ್ಟು ನಷ್ಟ ಆಗಿದೆ ಹೇಳು ಎಂದು ಕಣ್ಣಲ್ಲೇ ಬೇಡಿಕೊಂಡರು. ಆದರೆ ಸಾಹೇಬರು ಅವಳಿಗೆ ಅವಕಾಶವನ್ನೇ ಕೊಡಲಿಲ್ಲ. ಸಂತೋಷದಿಂದ ತೊಡೆ ತಟ್ಟಿಕೊಂಡರು.

"ನೋಡಿದ್ರಾ! ಇಷ್ಟು ಚಿಕ್ಕ ಹುಡುಗಿ ತಪಾಸಣೆಗೆ ಬಂದೋನನ್ನೇ ತಿದ್ದುತಾಳೆ! ಅದೂ ಒಂದು ದಿನಾನೂ ಲ್ಯಾಬಿನ ಮುಖ ನೋಡದೆ! ನಷ್ಟ ಎಲ್ಲಾಗಿದೆ, ನೀವೇ ಹೇಳಿ?"

ಹುಡುಗಿ ಒಂದು ಗಳಿಗೆ ಯೋಚಿಸಿದಳು. ಅವಳ ಜೀವನದಲ್ಲಿ ಮೊದಲ ಸಲ ಅವಳಿಗೆ ಪ್ರಶ್ನೆ ಸಿಗಲಿಲ್ಲ. ಸುಮ್ಮನೆ ಕೂತುಬಿಟ್ಟಳು.

ಮಿಕ್ಕದ್ದೆಲ್ಲ ಬೇಗ ನಡೆದುಹೋಯಿತು. ಟೀ ರೂಮನ್ನು ಉಪಾಧ್ಯಾಯರ ವಿಶ್ರಾಂತಿ ಕೊಠಡಿ ಎಂದು ಅಧಿಕೃತಗೊಳಿಸಲು ಸಾಹೇಬರು ಬಾಯಲ್ಲೇ ಅಪ್ಪಣೆ ಕೊಟ್ಟರು. ಬಾಗಿಲ ಮೇಲಿನ ಹಲಗೆಯನ್ನು ಡ್ರಿಲ್ ಮೇಷ್ಟ್ರು ಅಲ್ಲೇ ಕಿತ್ತು ಇಳಿಸಿದರು. ಗೋಡೆಯಲ್ಲಿ ಮೊಳೆ ಮಾತ್ರ ಉಳಿಯಿತು. ಇನ್ನು ಮುಂದೆ ಲ್ಯಾಬು ಕೇಳುವ ಎಲ್ಲ ಶಾಲೆಗಳಿಗೂ ಈ ಮೇಷ್ಟ್ರ ಉದಾಹರಣೆ ಕೊಡುವುದಾಗಿಯೂ ಸಾಹೇಬರು ಘೋಷಿಸಿದರು. ಯಾವ್ಯಾವ ಊರಿನ ವಿಜ್ಞಾನದ ಮೇಷ್ಟ್ರುಗಳು ತಮ್ಮನ್ನು ಶಪಿಸಲಿದ್ದಾರೋ ಎಂದು ನೆನೆದು ನಮ್ಮ ಮೇಷ್ಟ್ರಿಗೆ ಬೆವರಿತು.

ಕೊನೆಗೆ ಹೊಸ ವಿಶ್ರಾಂತಿ ಕೊಠಡಿಯಲ್ಲಿ ಎಲ್ಲರಿಗೂ ಟೀ. ಗಣಿತದ ಮೇಷ್ಟ್ರು ಬೀಕರುಗಳನ್ನು ಸಾಲಾಗಿಟ್ಟು ಎಣಿಸಿದರು. ಒಂದು ಕಡಿಮೆ ಬಿತ್ತು, ಅದೂ ಸಾಹೇಬರಿಗೇ.

"ನಿಮ್ಮ ಚೀಲದಲ್ಲಿ ಒಂದಿದೆಯಲ್ಲ," ಎಂದು ನಮ್ಮ ಮೇಷ್ಟ್ರಿಗೆ ಹೇಳಿದರು, ತಮ್ಮ ಮುಂದುವರಿದ ಕೈಯನ್ನು ಚಾಚಿ. "ನಿಮಗಿನ್ನು ಅದು ಬೇಕಾಗಲ್ಲವಲ್ಲ."

ಎಲ್ಲರ ಎದುರು ಇಲ್ಲ ಎನ್ನುವುದು ಹೇಗೆ? ಮೇಷ್ಟ್ರು ಟವೆಲ್ ಬಿಚ್ಚಿದರು. ಸಾಹೇಬರು ಆ ಬೀಕರಿನಲ್ಲಿ ಟೀ ಕುಡಿದು, ಅದನ್ನು ಬೆಳಕಿಗೆ ಹಿಡಿದು ನೋಡಿ, "ಇಂಥ ದಿನದ ನೆನಪಿಗೆ ಇದನ್ನ ನಾನೇ ಇಟ್ಕೊಳ್ಲಾ?" ಎಂದು ಮಗುವಿನ ಹಾಗೆ ಕೇಳಿದರು. ಕೇಳುವಾಗ ಅವರ ಎರಡೂ ಕಿವಿ ಸಂತೋಷಕ್ಕೆ ತಾವಾಗಿಯೇ ಆಡುತ್ತಿದ್ದವು. ಅಂಥವರಿಗೆ ಬೇಡ ಎನ್ನುವಷ್ಟು ಕಟುಕ ಮನುಷ್ಯ ನಮ್ಮ ಮೇಷ್ಟ್ರಲ್ಲ.

ಸಂಜೆ ಗೇಟಿನ ಹತ್ತಿರ ಮೇಷ್ಟ್ರು ಖಾಲಿ ಚೀಲ ಹಿಡಿದು ನಿಂತಿದ್ದರು. ಜೇಬಿನಲ್ಲಿ ಬೆಂಕಿಪೊಟ್ಟಣ, ಅದರಲ್ಲಿ ಹಲ್ಲು. ಮನೆಯಲ್ಲಿ ಬೀಗದ ಕೈಗೆ ಕಾಯುತ್ತಿರುವವರಿಗೆ ಏನು ಹೇಳುವುದೆಂದು ತೋಚದೆ ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ. ನಿಜಕ್ಕೂ ದುಃಖವಾಗಿತ್ತು. ಆದರೂ ದಾರಿಯುದ್ದಕ್ಕೂ ಮಕ್ಕಳು ಹೆಬ್ಬೆರಳಿಗೆ ಕಿರುಬೆರಳು ತಾಗಿಸಿಕೊಂಡು, ದಾರಿಹೋಕರ ಕಿವಿಗಳನ್ನೆಲ್ಲ ನೋಡಿಕೊಂಡು ಹೋಗುತ್ತಿರುವುದು ಕಂಡು, ಬೇಡವೆಂದರೂ ಮುಖದಲ್ಲಿ ನಗು ಬಂತು.

ಪಕ್ಕದಲ್ಲಿ ಪ್ರಶ್ನೆಪತ್ರಿಕೆ ಬಂದು ನಿಂತಳು. ಹಿಂದೆ ಮುಂದೆ ನೋಡಿ ಮೆಲ್ಲಗೆ ಕೇಳಿದಳು:

"ಸಾರ್, ಬೈಬಾರ್ದು. ನಾವೆಲ್ಲ ನಿಮ್ಮನ್ನ ಬೀಕರ್ ಮೇಷ್ಟ್ರು ಅಂತೀವಿ. ಈಗ ಬೀಕರೇ ಹೋಯ್ತಲ್ಲ. ಇನ್ನೇನಂತ ಕರೀಬೇಕು?"

ಮೇಷ್ಟ್ರು ಖಾಲಿ ಚೀಲವನ್ನು ಹೆಗಲಿಗೇರಿಸಿಕೊಂಡರು.

"ಅದೇ ಹೆಸರು ಇರ್ಲಿ ಬಿಡಮ್ಮ," ಎಂದರು. "ಬಾಲ ಹೋದ್ರೂ ಅದರ ಬುಡ ಉಳಿದಿಲ್ವಾ?"